ಒಂದು ಕಿವಿ ಕಡಿಮೆ

ವಾರವಿಡೀ ನಾನು ಪೈಪು ಬರೆಯುವವನು. ಮಹಾಪೆಯ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ನಾನು ಜನ್ಮದಲ್ಲಿ ಕಾಣಲಾರದ ಯಾವುದೋ ಕಾರ್ಖಾನೆಯಲ್ಲಿ ಯಾವ ಪೈಪು ಎಲ್ಲಿ ಬಾಗಬೇಕು, ಎಲ್ಲಿ ಕವಲಾಗಬೇಕು ಎಂದು ಗೆರೆ ಎಳೆಯುವುದು ಆಗ ನನ್ನ ಕೆಲಸ. ಆದಿತ್ಯವಾರ ಮಾತ್ರ ನಾನು ಕಲಾವಿದ. ಡೊಂಬಿವಲಿ ಪೂರ್ವದಲ್ಲಿ, ನಮ್ಮ ಬಿಲ್ಡಿಂಗಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಶಾಲೆಯಿಂದ ನಿವೃತ್ತರಾದ ಒಬ್ಬ ಮರಾಠಿ ಡ್ರಾಯಿಂಗ್ ಸರ್ ತಮ್ಮ ಮನೆಯ ಬಾಲ್ಕನಿಯಲ್ಲಿ ನಾಲ್ಕಾರು ಜನರನ್ನು ಕೂರಿಸಿಕೊಂಡು ಇದ್ದಿಲಿನ ಚಿತ್ರ ಕಲಿಸುತ್ತಿದ್ದರು. ಈರುಳ್ಳಿ, ಹಿತ್ತಾಳೆ ಚೊಂಬು, ಅವರದೇ ಹಳೆಯ ಚಪ್ಪಲಿ, ಹೀಗೆ ಒಂದೊಂದನ್ನೂ ತಿಂಗಳುಗಟ್ಟಲೆ ಬರೆಸಿ, ಕೊನೆಗೆ ಮನುಷ್ಯರ ಮುಖಕ್ಕೆ ಬಂದಿದ್ದೆವು.

ಸರ್‌ಗೆ ಇದ್ದದ್ದು ಒಂದೇ ಮಂತ್ರ. "ಜೇ ದಿಸ್ತಯ ತೇಚ ಕಾಢ." ಕಣ್ಣಿಗೆ ಕಂಡದ್ದನ್ನೇ ಬರೆ. ಚಂದ ಮಾಡಲು ಹೋಗಬೇಡ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಪೈಪಿನವನಾದ ನನಗೆ ಈ ಮಾತು ಬಹಳ ಹಿಡಿಸಿತ್ತು. ಎಷ್ಟು ಹಿಡಿಸಿತ್ತೆಂದರೆ, ಯಾರಾದರೂ ಮದುವೆ ಆಲ್ಬಮ್ಮು ತೋರಿಸಿದರೆ "ಇದರಲ್ಲಿ ನಿಮ್ಮ ಗದ್ದ ಇದ್ದಂತೆ ಬಂದಿಲ್ಲ" ಎಂದು ಹೇಳಿ ಮನೆಯವರಿಂದ ಬೈಸಿಕೊಳ್ಳುತ್ತಿದ್ದೆ. ವಾಸ್ತವವನ್ನು ಕಾಪಾಡುವ ಹೊಣೆಯನ್ನು ಯಾರೋ ನನ್ನ ತಲೆಯ ಮೇಲೆ ಹೊರಿಸಿದ್ದಾರೆ ಎಂದೇ ನನ್ನ ನಂಬಿಕೆಯಾಗಿತ್ತು.

ಅಂಥ ಹೊತ್ತಿನಲ್ಲಿ ಅಕ್ಕ ಹೆರಿಗೆಗೆ ನಮ್ಮ ಮನೆಗೆ ಬಂದಳು. ಹೆಣ್ಣು ಮಗು. ಭಾವ ಹಡಗಿನಲ್ಲಿದ್ದರು. ಸರಕು ಸಾಗಿಸುವ ಹಡಗು, ಇಂಜಿನ್ ರೂಮಿನ ಕೆಲಸ. ಅಕ್ಕನಿಗೆ ಐದು ತಿಂಗಳಾದಾಗ ಹೋದವರು, ಕಾಂಟ್ರ್ಯಾಕ್ಟ್ ಮುಗಿದು ಬರಲು ಇನ್ನೂ ಎಂಟು ತಿಂಗಳು ಇತ್ತು. ಮೊಬೈಲಿನಲ್ಲೇ ಮುಖ ನೋಡಿ ಮಾತಾಡುವ ಕಾಲವಲ್ಲ ಅದು. ಬಂದರು ಸಿಕ್ಕಿದಾಗ ಫೋನು, ಬಂದರಿನ ಕ್ಲಬ್ಬಿನಲ್ಲಿ ಕಂಪ್ಯೂಟರು ಸಿಕ್ಕಿದರೆ ಈಮೇಲು, ಅಷ್ಟೇ. ಪ್ರತಿ ಫೋನಿನಲ್ಲೂ ಅವರದು ಒಂದೇ ಮಾತು: "ಒಂದು ಫೋಟೋ ಕಳಿಸಿ ಮಾರಾಯ್ರೆ. ಮಗು ಹೇಗಿದ್ದಾಳೆ ಅಂತ ನನಗೆ ಗೊತ್ತಾಗುದು ಬೇಡ್ವಾ?"

ಫೋಟೋ ಕಳಿಸಲು ಅಡ್ಡಿಯಾಗಿದ್ದವರು ನಮ್ಮ ಅಜ್ಜಿ, ಅಮ್ಮನ ಅಮ್ಮ. ಬಾಣಂತನ ಮಾಡಲೆಂದು ಉಡುಪಿ ಕಡೆಯಿಂದ ಎಣ್ಣೆ, ಅರಿಶಿನ, ಓಮ, ಒಂದು ಹಿತ್ತಾಳೆ ಹಂಡೆ ಸಮೇತ ರೈಲಿನಲ್ಲಿ ಬಂದಿಳಿದಿದ್ದರು. ಬಂದವರೇ ಮನೆಯ ಆಡಳಿತ ಕೈಗೆ ತೆಗೆದುಕೊಂಡರು. ಅಜ್ಜಿಯ ಕಾನೂನು ಹೀಗಿತ್ತು: ಹೆಸರಿಡುವ ದಿನ ಅಪ್ಪನೇ ಮಗುವಿನ ಬಲಗಿವಿಯಲ್ಲಿ ಹೆಸರು ಹೇಳಬೇಕು. ಆದ್ದರಿಂದ ಅಪ್ಪ ಬರದೆ ನಾಮಕರಣ ಇಲ್ಲ. ನಾಮಕರಣ ಆಗದ ಮಗುವಿನ ಫೋಟೋ ತೆಗೆಯಬಾರದು. ಹೆಸರಿಲ್ಲದ ಮುಖ ಕಂಡವರ ಕೈಗೆಲ್ಲ ಹೋದರೆ ದೃಷ್ಟಿ ತಾಗಿದಾಗ ಯಾರ ಹೆಸರು ಹೇಳಿ ತೆಗೆಯುವುದು? ಹೀಗಾಗಿ ಅಪ್ಪ ಮಗುವನ್ನು ಫೋಟೋದಲ್ಲಿ ನೋಡಬೇಕಾದರೆ ಮೊದಲು ಮನೆಗೆ ಬಂದು ಮಗುವನ್ನೇ ನೋಡಬೇಕಾಗಿತ್ತು.

"ಅಜ್ಜಿ, ಇದರಲ್ಲಿ ಏನಾದ್ರೂ ಅರ್ಥ ಉಂಟಾ?" ಎಂದು ನಾನು ಸಿಟ್ಟಿನಲ್ಲಿ ಕೇಳಿದೆ.

"ನಿನ್ನ ಅಕ್ಕನನ್ನು ಹೆಸರಿಡುವ ಮೊದಲೇ, ಮೂರು ತಿಂಗಳ ಕೂಸಿರುವಾಗ ಸ್ಟುಡಿಯೋಕ್ಕೆ ಕರ್ಕೊಂಡು ಹೋಗಿ ಫೋಟೋ ತೆಗ್ಸಿದ್ರು. ಮರುದಿನವೇ ನಾಯಿಕೆಮ್ಮು ಹಿಡೀತು. ಮಳೆಗಾಲ ಇಡೀ ಕೆಮ್ಮಿದ್ಲು. ನಿನಗೆ ಅರ್ಥ ಬೇಕಾ, ಮಗು ಬೇಕಾ?"

ಇನ್ನೊಂದು ವಿಷಯವೂ ಇತ್ತು. ಅಜ್ಜಿಗೆ ಈ ಸಂಬಂಧ ಮೊದಲಿನಿಂದಲೂ ಅಷ್ಟು ಇಷ್ಟವಿರಲಿಲ್ಲ. ನೀರಿನ ಮೇಲೆ ಇರುವವನಿಗೆ ಹುಡುಗಿ ಕೊಡುವುದಾ, ಹೋಟೆಲಿನವರು ಯಾರೂ ಸಿಗಲಿಲ್ಲವಾ ಎಂದು ಮದುವೆಯ ಹೊತ್ತಿನಲ್ಲೇ ಕೇಳಿದ್ದರು. "ನೋಡಬೇಕಾದ್ರೆ ಬರಲಿ. ಹಡಗು ಏನು ಅವನ ಮಾವನದಾ, ಬಿಟ್ಟು ಬರ್ಲಿಕ್ಕೆ ಆಗದ್ದಕ್ಕೆ?" ಎನ್ನುತ್ತಿದ್ದರು. ಅಕ್ಕ ಮುಖ ಗೋಡೆಯ ಕಡೆ ಮಾಡಿ ಮಲಗುತ್ತಿದ್ದಳು. ಅಮ್ಮ ಎರಡೂ ಪಕ್ಷಕ್ಕೆ ಕಾಫಿ ಮಾಡಿ ಕೊಡುತ್ತಿದ್ದರು. ಅಪ್ಪ ಕಲ್ಯಾಣದ ಹೋಟೆಲಿನ ಗಲ್ಲಾದಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕೂರತೊಡಗಿದರು.

ಉಪಾಯ ಹೊಳೆದದ್ದು ಅಕ್ಕನಿಗೆ. ಅಜ್ಜಿ ಬಚ್ಚಲಲ್ಲಿ ಹಂಡೆಗೆ ನೀರು ತುಂಬುತ್ತಿದ್ದಾಗ ನನ್ನ ಅಂಗಿ ಹಿಡಿದು ಎಳೆದು, "ಫೋಟೋ ಬೇಡ ಅಂದಿದ್ದಾರೆ. ಚಿತ್ರ ಬೇಡ ಅಂತ ಹೇಳಿದ್ದಾರಾ? ನೀನು ಬರಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. "ಅವರಿಗೆ ಒಮ್ಮೆ ಮುಖ ಕಂಡ್ರೆ ಸಾಕು. ರಾತ್ರಿ ಶಿಫ್ಟ್ ಮುಗಿಸಿ ಒಬ್ರೇ ಕೂತಿರ್ತಾರೆ." ನನಗೆ ಅಕ್ಕನ ಮೇಲೆ ಕರುಣೆ ಬಂತು. ನಿಜ ಹೇಳಬೇಕೆಂದರೆ, ಕರುಣೆಯ ಪಕ್ಕದಲ್ಲೇ ಜಂಬವೂ ಬಂದು ಕೂತಿತು. ಕ್ಯಾಮೆರಾ ಸೋತ ಕಡೆ ಕಲೆಯನ್ನು ಕರೆದಿದ್ದಾರೆ ಎಂದು ಎದೆ ಉಬ್ಬಿತು.

ಠಾಣೆಗೆ ಹೋಗಿ, ಸ್ಟೇಷನ್ ಹತ್ತಿರದ ಅಂಗಡಿಯಿಂದ ಒಳ್ಳೆಯ ದಪ್ಪ ಕಾಗದವನ್ನೂ, ಚಿತ್ರಕ್ಕೆಂದೇ ಸುಟ್ಟ ಸಪೂರ ಇದ್ದಿಲು ಕಡ್ಡಿಗಳ ಒಂದು ಪೆಟ್ಟಿಗೆಯನ್ನೂ ತಂದೆ. ವಿಲಾಯತಿ ಮಾಲು, ನನ್ನ ಜೇಬಿಗೆ ಭಾರಿ. ತಂದು ಮಗುವಿನ ಕೋಣೆಯ ಕಿಟಕಿಯಲ್ಲಿಟ್ಟು ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಪೆಟ್ಟಿಗೆ ಖಾಲಿ. ಮಗುವಿಗೆ ಸ್ನಾನ ಆದ ಮೇಲೆ ಅಜ್ಜಿ ಕೆಂಡಕ್ಕೆ ಸಾಂಬ್ರಾಣಿ ಹಾಕಿ ತಲೆಗೆ ಹೊಗೆ ಕೊಡುವ ಕ್ರಮ. ಆ ದಿನ ಕೆಂಡಕ್ಕೆ ನನ್ನ ವಿಲಾಯತಿ ಕಡ್ಡಿಗಳನ್ನು ಹಾಕಿದ್ದರು.

"ಒಳ್ಳೆ ಇದ್ದಿಲು ಮಾರಾಯ," ಅಂದರು ಅಜ್ಜಿ. "ಹೊಗೆಯೇ ಇಲ್ಲ, ಚಟಪಟವೂ ಇಲ್ಲ. ಎಲ್ಲಿ ಸಿಗ್ತದೆ ಇದು? ಇನ್ನೆರಡು ಕಿಲೋ ತಾ."

ಎರಡು ಕಿಲೋ! ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಯಾತಕ್ಕೆ ತಂದದ್ದು ಎಂದು ಹೇಳಬೇಕಾಗುತ್ತಿತ್ತು. ಕೊನೆಗೆ ಅಜ್ಜಿಯ ಧೂಪದ ಪಾತ್ರೆಯಲ್ಲಿ ಆರಿ ಉಳಿದಿದ್ದ ಇದ್ದಿಲಿನ ತುಂಡುಗಳನ್ನೇ ಆರಿಸಿ, ಕಲ್ಲಿನ ಮೇಲೆ ಉಜ್ಜಿ ಚೂಪು ಮಾಡಿಕೊಂಡೆ. ಅವುಗಳಿಗೆ ಸಾಂಬ್ರಾಣಿಯ ವಾಸನೆ ಇತ್ತು. ಒಂದೊಂದು ತುಂಡು ಗೆರೆ ಕೊಡುವ ಬದಲು ಕಾಗದವನ್ನೇ ಗೀರುತ್ತಿತ್ತು. ಅಳಿಸಲು ಮಾತ್ರ ತೊಂದರೆ ಇರಲಿಲ್ಲ. ಇದ್ದಿಲು ಅಳಿಸಲು ರಬ್ಬರ್ ಬೇಡ, ಪಾವ್ ಬ್ರೆಡ್ಡು ಸಾಕು ಎಂದು ಸರ್ ಕಲಿಸಿದ್ದರು. ಪಾವಿನ ಒಳಗಿನ ಮೆತ್ತಗಿನ ಭಾಗವನ್ನು ಬೆರಳಲ್ಲಿ ಉಂಡೆ ಮಾಡಿ ಒತ್ತಿದರೆ ಕಪ್ಪು ಎದ್ದು ಬರುತ್ತದೆ. ಬೇಕರಿಯಿಂದ ದಿನಕ್ಕೊಂದು ಲಾದಿ ಪಾವ್ ತರತೊಡಗಿದೆ. ಒಳಗಿನದು ಕಲೆಗೆ, ಹೊರಗಿನ ಸಿಪ್ಪೆ ನನ್ನ ಹೊಟ್ಟೆಗೆ.

ಮಗು ಮಾತ್ರ ಕಲೆಗೆ ಸಹಕರಿಸಲಿಲ್ಲ. ಈರುಳ್ಳಿ ಅಲುಗಾಡುವುದಿಲ್ಲ. ಚೊಂಬು ಅಳುವುದಿಲ್ಲ. ಈ ಮಗು ಎಡಗಣ್ಣು ಬರೆಯುವಾಗ ನಿದ್ದೆ ಮಾಡಿ, ಬಲಗಣ್ಣಿಗೆ ಬರುವಷ್ಟರಲ್ಲಿ ಎದ್ದು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಬಾಯಿ ಬರೆಯುವಾಗ ಆಕಳಿಕೆ. ಆಗ ಡೊಂಬಿವಲಿಯಲ್ಲಿ ಲೋಡ್ ಶೆಡ್ಡಿಂಗಿನ ಕಾಟ. ಕರೆಂಟು ಇದ್ದು ಫ್ಯಾನು ತಿರುಗಿದರೆ ಮಗು ಮಲಗುತ್ತಿತ್ತು, ಆದರೆ ಇದ್ದಿಲಿನ ಪುಡಿ ಹಾರಿ ಅದರ ಮೂಗಿಗೇ ಹೋಗುತ್ತಿತ್ತು. ಕರೆಂಟು ಹೋದರೆ ಪುಡಿ ಕಾಗದದ ಮೇಲೆ ನಿಲ್ಲುತ್ತಿತ್ತು, ಆದರೆ ಮಗು ಎದ್ದು ಕೂಗುತ್ತಿತ್ತು. ಒಂದು ದಿನ ಮಗು ಸೀನಿ ಸೀನಿ ಇಡೀ ಬಿಲ್ಡಿಂಗಿಗೆ ಕೇಳುವಂತೆ ಅತ್ತಾಗ ಅಕ್ಕ ನೋಡಿದಳು, ಅದರ ಮೂಗಿನ ತುದಿ ಕಪ್ಪಾಗಿತ್ತು. ಅಜ್ಜಿ ಬರುವ ಮೊದಲು ಇಬ್ಬರೂ ಸೇರಿ ಸೆರಗಿನಿಂದ ಒರೆಸಿದೆವು.

ಮೊದಲ ಚಿತ್ರ ನಮ್ಮ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯ ಹಾಗೆ ಬಂತು. ಅದೇ ಬೋಳು ತಲೆ, ಅದೇ ಜೋಲು ಕೆನ್ನೆ, ಮೆಂಟೆನೆನ್ಸ್ ಬಾಕಿ ಕೇಳಲು ಬಾಗಿಲಿಗೆ ಬಂದವರ ಅದೇ ಮುಖಭಾವ. ಎರಡನೆಯದು ಬಟಾಟೆ. ಮೂರನೆಯದರಲ್ಲಿ ಕೊರಳು ತುಸು ಉದ್ದವಾಗಿ, ಎಲ್ಲಿಗೋ ಜೋಡಿಸಬೇಕಾದ ಪೈಪಿನಂತಾಯಿತು. ಕೂಸುಗಳಿಗೆ ಕೊರಳೇ ಇರುವುದಿಲ್ಲ, ಕೆನ್ನೆ ನೇರವಾಗಿ ಎದೆಯ ಮೇಲೆ ಕೂತಿರುತ್ತದೆ ಎಂಬುದು ನನಗೆ ಆಗ ಗೊತ್ತಾದದ್ದು. ಅಕ್ಕ ಮೂರನ್ನೂ ನೋಡಿ, "ಇದನ್ನು ಕಳಿಸಿದ್ರೆ ಅವರು ಹಡಗಿನಿಂದ ಹಾರ್ತಾರೆ" ಅಂದಳು. ನನಗೆ ಕೆಂಡದಂಥ ಸಿಟ್ಟು ಬಂತು. ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಹೊಸ ಕಾಗದ ಹಾಕಿ, ಗೆರೆಯನ್ನೇ ಎಳೆಯದೆ, ಬರೀ ಬೆರಳಿನಿಂದ ಕಪ್ಪನ್ನು ಹರಡಿ, ಪಾವಿನಿಂದ ಬೆಳಕನ್ನು ಎತ್ತುತ್ತಾ ಹೋದೆ. ಮಗುವಿನ ಹಣೆ ಬಂತು. ಕೆನ್ನೆ ಬಂತು. ಮೇಲ್ದುಟಿಯ ಮೇಲೆ ಹಾಲು ಕುಡಿದು ಎದ್ದಿದ್ದ ಸಣ್ಣ ಬೊಕ್ಕೆಯೂ ಬಂತು. ಎಡಗಿವಿ ಎಷ್ಟು ಚೆನ್ನಾಗಿ ಬಂತೆಂದರೆ, ಇದು ನನ್ನ ಕೈಯೇ ಹೌದಾ ಎಂದು ಒಮ್ಮೆ ಕೈ ನೋಡಿಕೊಂಡೆ.

ಬಲಗಿವಿಗೆ ಕೈ ಇಡಬೇಕು, ಅಷ್ಟರಲ್ಲಿ ಹಿಂದಿನಿಂದ ಅಜ್ಜಿಯ ದನಿ ಬಂತು. "ಎಂತ ಮಾಡ್ತಾ ಇದ್ದಿ?"

ಅಕ್ಕ ಎದ್ದು ನಿಂತಳು. ನಾನು ಇದ್ದಿಲನ್ನು ಬಾಯಿಗೆ ಹಾಕಿಕೊಳ್ಳುವುದೊಂದು ಬಾಕಿ. ಅಜ್ಜಿ ಕಾಗದವನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಮಗುವನ್ನೂ ಚಿತ್ರವನ್ನೂ ಬಹಳ ಹೊತ್ತು ನೋಡಿದರು. "ಅಂತೂ ನನ್ನ ಇದ್ದಿಲು ಎಲ್ಲಿ ಹೋಗ್ತಾ ಇತ್ತು ಅಂತ ಗೊತ್ತಾಯ್ತು," ಅಂದರು. ಆಮೇಲೆ, "ಇದು ಹಡಗಿಗಾ?" ಎಂದು ಕೇಳಿದರು. ಅಕ್ಕ ತಲೆಯಾಡಿಸಿದಳು. ಅಜ್ಜಿ ಕೂತರು. ಹೀಗೊಂದು ಸಂದರ್ಭ ಬರಬಹುದು ಎಂದು ಅವರ ಕಾನೂನಿನಲ್ಲಿ ಯೋಚಿಸಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತೀರ್ಪು ಬಂತು.

"ಕಳಿಸಿ. ಆದ್ರೆ ಪೂರ್ತಿ ಮಾಡ್ಬೇಡ. ಬಲಗಿವಿ ಬಿಡು. ಅದು ಹೆಸರು ಹೇಳುವ ಕಿವಿ. ಅಪ್ಪ ಬಂದು ಅದರಲ್ಲಿ ಹೆಸರು ಹೇಳಿದ ಮೇಲೆ ಬರಿ."

ವಾಸ್ತವದ ಕಾವಲುಗಾರನಾದ ನಾನು ಸುಮ್ಮನಿರುವುದುಂಟೇ? ಬೇಕಾದರೆ ಒಂದು ಉಗುರು ಬಿಡುತ್ತೇನೆ ಅಂದೆ. ಉಗುರು ಯಾರು ನೋಡ್ತಾರೆ ಅಂದರು. ಹಾಗಾದರೆ ಮುಖವನ್ನು ಸ್ವಲ್ಪ ತಿರುಗಿಸಿ ಬರೆಯುತ್ತೇನೆ, ಬಲಗಿವಿ ತಾನಾಗಿ ಮರೆಯಾಗುತ್ತದೆ, ಯಾರಿಗೂ ವಿಚಿತ್ರ ಕಾಣುವುದಿಲ್ಲ ಅಂದೆ.

"ಅಡಗಿಸುದು ಬೇರೆ, ಬಿಡುದು ಬೇರೆ," ಅಂದರು ಅಜ್ಜಿ. "ದೇವರಿಗೆ ಗೊತ್ತಾಗುದಿಲ್ವಾ?"

ಹೀಗೆ ಆ ಚಿತ್ರದಲ್ಲಿ ಮಗುವಿನ ಎಡಗಡೆ ಒಂದು ಅದ್ಭುತವಾದ ಕಿವಿಯೂ, ಬಲಗಡೆ ಕೆನ್ನೆಯಿಂದ ನೇರ ತಲೆಗೆ ಹೋಗುವ ನುಣುಪಾದ ಬಯಲೂ ಉಳಿಯಿತು. ಬಯಲನ್ನೂ ನಾನು ಕಾಟಾಚಾರಕ್ಕೆ ಬಿಡಲಿಲ್ಲ. ಬರೆಯದೆ ಬಿಟ್ಟ ಜಾಗ ಎಂದು ಕಾಣಬಾರದು, ಅಲ್ಲಿ ಚರ್ಮವೇ ಇರುವಂತೆ ಕಾಣಬೇಕು ಎಂದು ಒಳ್ಳೆ ನೆರಳು ಕೊಟ್ಟು ಮುಗಿಸಿದೆ. ಸರ್‌ಗೆ ತೋರಿಸಿದಾಗ ಅವರು ಎಡಗಿವಿ ನೋಡಿ ಶಾಭಾಸ್ ಅಂದರು. ಬಲಗಡೆ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಕುಟುಂಬದ ಯಾವುದೋ ದುಃಖ ಇರಬೇಕೆಂದು ಏನೂ ಕೇಳಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಾಗಿತ್ತು.

ಸ್ಟೇಷನ್ ರಸ್ತೆಯ ಸೈಬರ್ ಕೆಫೆಯಲ್ಲಿ ಸ್ಕ್ಯಾನ್ ಮಾಡಿಸಿದೆ. ಕರೆಂಟು ಹೋಗುವ ಹೊತ್ತಾಗಿತ್ತು. ಕೆಫೆಯವನು "ಜಲ್ದಿ ಕರೋ ಭಾಯ್, ಬತ್ತೀ ಜಾಯೇಗೀ" ಎಂದು ಹಿಂದೆ ನಿಂತು ಅವಸರ ಮಾಡುತ್ತಿದ್ದ. ಅಜ್ಜಿ, ನಾಮಕರಣ, ಕಿವಿ ಇದನ್ನೆಲ್ಲ ವಿವರಿಸುವುದು ನನ್ನ ತಲೆಗೇ ಬರಲಿಲ್ಲ. ಅಜ್ಜಿಯ ಜೊತೆ ಅಷ್ಟು ದಿನ ಇದ್ದು, ಮಕ್ಕಳಿಗೆ ಬಲಗಿವಿ ಆಮೇಲೆ ಬರೆಯುವುದು ಲೋಕದ ಪದ್ಧತಿ ಎಂಬಂತೆ ನನಗೂ ಆಗಿಹೋಗಿತ್ತು. ನಾನು ಬರೆದದ್ದು ಇಷ್ಟೇ: "ಭಾವ, ಇದು ನಿಮ್ಮ ಮಗಳು. ಚಂದ ಕಾಣಲಿ ಅಂತ ಏನೂ ಸೇರಿಸಿಲ್ಲ. ಹೇಗಿದ್ದಾಳೋ ಹಾಗೇ ಬರೆದಿದ್ದೇನೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ." ಕಳಿಸಿದ ಮರುಕ್ಷಣ ಕರೆಂಟು ಹೋಯಿತು. ನಾನು ಬಹಳ ಸಂತೋಷದಲ್ಲಿ ವಡಾಪಾವ್ ತಿಂದು ಮನೆಗೆ ಹೋದೆ.

ಉತ್ತರ ಬರಲಿಲ್ಲ. ಹಡಗು ಸಮುದ್ರದಲ್ಲಿರಬೇಕು ಅಂದುಕೊಂಡೆವು. ಅಕ್ಕ ಮಾತ್ರ ಪ್ರತಿ ಸಂಜೆ ನಾನು ಚಪ್ಪಲಿ ಕಳಚುವ ಮೊದಲೇ "ಮೇಲ್ ಬಂತಾ?" ಎಂದು ಕೇಳುತ್ತಿದ್ದಳು.

ಒಂದು ಆದಿತ್ಯವಾರ ಬೆಳಿಗ್ಗೆ ಫೋನು ಬಂತು. ನಮ್ಮ ಮನೆಯ ಫೋನಿನ ರಿಸೀವರು ಸತ್ತು ವರ್ಷವಾಗಿತ್ತು, ಯಾರು ಮಾತಾಡಿದರೂ ಸ್ಪೀಕರಿನಲ್ಲೇ. ಅಜ್ಜಿ ನೆಲದ ಮೇಲೆ ಕೂತು ಬಾಣಂತಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಕ್ಕ ಒಳಗೆ ಮಗುವಿಗೆ ಹಾಲು ಕೊಡುತ್ತಿದ್ದಳು.

"ಭಾವ! ಚಿತ್ರ ಸಿಕ್ಕಿತಾ?" ಅಂದೆ.

"ಸಿಕ್ಕಿತು. ನಿನ್ನ ಅಕ್ಕ ಅಲ್ಲಿ ಇದ್ದಾಳಾ?"

"ಒಳಗೆ ಇದ್ದಾಳೆ. ಕರೀಲಾ?"

"ಬೇಡ, ಬೇಡ. ನೀನೇ ಹೇಳು. ಆ ಕಿವಿ..."

ನನ್ನ ಮುಖ ಅರಳಿತು. "ನೋಡಿದ್ರಾ ಭಾವ? ನಮ್ಮ ಸರ್ ಕೂಡ ಅದಕ್ಕೇ ಶಾಭಾಸ್ ಅಂದದ್ದು."

"ಒಂದೇ ಉಂಟಲ್ಲ ಮಾರಾಯ."

"ಹೌದು. ಒಂದೇ."

"ಒಂದೇಯಾ?"

"ಸದ್ಯಕ್ಕೆ ಒಂದೇ. ಇನ್ನೊಂದು ನೀವು ಬಂದ ಮೇಲೆ."

ಆ ಕಡೆಯಿಂದ ದೂರದಲ್ಲಿ ಯಾವುದೋ ಹಡಗು ಕೂಗಿದ್ದು ಮಾತ್ರ ಕೇಳಿತು. ಆಮೇಲೆ ಭಾವ ದನಿ ತಗ್ಗಿಸಿ, "ಬಂದ ಮೇಲೆ ಅಂದ್ರೆ, ಆಪರೇಶನ್ನಾ?" ಅಂದರು.

"ಯಾರಿಗೆ ಆಪರೇಶನ್?"

"ಕಾರ್ಡ್ ಮುಗೀತದೆ, ನೀನು ಮಧ್ಯ ಬಾಯಿ ಹಾಕ್ಬೇಡ, ನಾನು ಹೇಳುದು ಕೇಳು," ಅಂದರು ಭಾವ, ಬಾಯಿಪಾಠ ಮಾಡಿ ಬಂದವರ ಹಾಗೆ. "ಫೋಟೋ ಯಾಕೆ ಕಳಿಸ್ಲಿಲ್ಲ ಅಂತ ನನಗೆ ಈಗ ಗೊತ್ತಾಯ್ತು. ಅಜ್ಜಿಯ ಹೆಸರು ಹೇಳಿ ಅಡಗಿಸಿದ್ದು. ನನಗೆ ಬೇಜಾರಿಲ್ಲ. ನೀನೊಬ್ಬ ಇದ್ದ ಹಾಗೆ ಬರ್ದಿ, ಒಳ್ಳೇದು ಮಾಡಿದಿ. ನಿನ್ನ ಅಕ್ಕನಿಗೆ ಹೇಳು, ಅಳುದು ಬೇಡ. ಒಂದು ಕಿವಿ ಇದ್ರೆ ಎಂತಾಯ್ತು? ನಮ್ಮ ಚೀಫ್ ಇಂಜಿನಿಯರಿಗೆ ಇಂಜಿನ್ ಶಬ್ದಕ್ಕೆ ಎರಡೂ ಕಿವಿ ಕೇಳುದಿಲ್ಲ, ಅವರು ಹಡಗನ್ನೇ ನಡೆಸ್ತಾರೆ. ಕೂದಲು ಉದ್ದ ಬಿಡುವ, ಯಾರಿಗೂ ಕಾಣುದಿಲ್ಲ. ನಾನು ಯಾವಾಗ್ಲೂ ಅವಳ ಎಡಬದಿಯಲ್ಲಿ ನಿಂತು ಮಾತಾಡ್ತೇನೆ. ಒಂದೇ ಒಂದು, ಅಜ್ಜಿಯ ಹತ್ರ ಕೇಳಿ ಹೇಳು. ಹೆಸರು ಎಡಗಿವಿಯಲ್ಲಿ ಹೇಳಿದ್ರೆ ನಡೀತದಾ?"

ನನಗೆ ಮೊದಲು ನಗು ಬಂದಿತ್ತು. ಬಾಯಿಗೆ ಕೈ ಅಡ್ಡ ಹಿಡಿದಿದ್ದೆ. ಆ ಕೊನೆಯ ಮಾತಿಗೆ ಕೈ ಕೆಳಗಿಳಿಸಿದೆ. ಕಡಲ ಮಧ್ಯೆ ಇಂಜಿನ್ ರೂಮಿನ ಸೆಖೆಯಲ್ಲಿ ಈ ಮನುಷ್ಯ ಅಷ್ಟು ದಿನ ಇದನ್ನೇ ಯೋಚಿಸುತ್ತಾ, ಯಾವ ಬದಿಯಲ್ಲಿ ನಿಲ್ಲಬೇಕೆಂದು ಕೂಡ ತೀರ್ಮಾನ ಮಾಡಿಬಿಟ್ಟಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಬೆಳ್ಳುಳ್ಳಿಯ ಮೊರ ತಳ್ಳಿ ಎದ್ದರು. ಫೋನು ಮುಟ್ಟಿ ಗೊತ್ತಿಲ್ಲದವರು. ಎಷ್ಟು ದೂರದ ಊರೋ ಅಷ್ಟು ಜೋರಾಗಿ ಹೇಳಬೇಕು ಎಂಬುದು ಅವರ ಲೆಕ್ಕ. ಫೋನಿನ ಮೇಲೆ ಬಗ್ಗಿ, "ಎರಡು ಉಂಟು ಮಗಾ! ಎರಡು! ಎರಡೂ ಉಂಟು!" ಎಂದು ಕೂಗಿದರು.

ಅಕ್ಕ ಮಗುವನ್ನೆತ್ತಿಕೊಂಡು ಓಡಿ ಬಂದಳು. ಮಗು ಬೆಚ್ಚಿ ಅಳತೊಡಗಿತು. ಮೇಲಿನ ಮಹಡಿಗೆ ಹೊಸದಾಗಿ ಬಂದಿದ್ದ ಮರಾಠಿ ಹೆಂಗಸು ಬಾಗಿಲಿಗೆ ಬಂದು, "ಕಾಯ್ ಝಾಲ? ಜುಳೇ ಆಹೇತ ಕಾ?" ಎಂದು ಕೇಳಿದರು. ಅಜ್ಜಿ ಎರಡು ಬೆರಳು ತೋರಿಸುತ್ತಾ ಹಾಡುಹಗಲಲ್ಲಿ ಕುಣಿಯುತ್ತಿದ್ದರೆ ಅವಳಿ ಎಂದು ಯಾರಾದರೂ ತಿಳಿಯುವವರೇ. ಅಷ್ಟರಲ್ಲಿ ಭಾವನ ಕಾರ್ಡು ಮುಗಿದು ಫೋನು ಕಟ್ಟಾಯಿತು.

ಅಕ್ಕನಿಗೆ ವಿಷಯ ಹೇಳಿದೆ. ಅವಳು ನಕ್ಕಳು, ಅತ್ತಳು, ನನ್ನ ಬೆನ್ನಿಗೆ ಒಂದು ಗುದ್ದಿದಳು. "ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಅಂತ ಬರೆದಿಯಾ? ನಿನ್ನ ತಲೆ!" ಅಜ್ಜಿ ಮತ್ತೆ ಬೆಳ್ಳುಳ್ಳಿಯ ಮುಂದೆ ಕೂತಿದ್ದರು, ಸುಲಿಯುತ್ತಿರಲಿಲ್ಲ. "ಎಡಗಿವಿಯಲ್ಲಿ ಹೇಳ್ತಾನಂತೆ," ಅಂದರು ತಮ್ಮಷ್ಟಕ್ಕೆ. ಕಣ್ಣು ಒರೆಸಿಕೊಂಡು, ಬೆಳ್ಳುಳ್ಳಿಯ ಕೈ ಎಂಬುದು ಮರೆತು, ಇನ್ನಷ್ಟು ನೀರು ಬರಿಸಿಕೊಂಡರು. "ಒಳ್ಳೆ ಹುಡುಗ. ನಾನು ಸುಮ್ಮನೆ ಏನೇನೋ ಹೇಳಿದೆ."

ಮರುದಿನ ಭಾವನಿಂದ ಈಮೇಲ್ ಬಂತು. ಅಜ್ಜಿ ಸಮಾಧಾನಕ್ಕೆ ಕೂಗಿ ಹೇಳಿದ್ದು ತನಗೆ ಅರ್ಥವಾಗಿದೆ, ಹಿರಿಯರ ಮನಸ್ಸು ದೊಡ್ಡದು, ಆದರೆ ಇನ್ನು ತನ್ನಿಂದ ಅಡಗಿಸುವ ಅಗತ್ಯವಿಲ್ಲ ಎಂದು ಬರೆದಿದ್ದರು. ಮನೆಯಲ್ಲಿ ಸಭೆ ಸೇರಿತು. ಫೋಟೋ ಕಳಿಸದೆ ಬೇರೆ ದಾರಿಯಿಲ್ಲ ಎಂದು ಅಮ್ಮ ಮೊದಲ ಬಾರಿಗೆ ಒಂದು ಪಕ್ಷ ಹಿಡಿದರು. ಅಜ್ಜಿ ಬಹಳ ಯೋಚಿಸಿ ಕಾನೂನಿಗೆ ತಿದ್ದುಪಡಿ ತಂದರು: ಫೋಟೋ ಆಗಬಹುದು. ಕಿವಿಯದ್ದು ಮಾತ್ರ. ಮುಖ ಬರಬಾರದು.

ಆಫೀಸಿನಿಂದ ಸೈಟ್ ಫೋಟೋದ ಡಿಜಿಟಲ್ ಕ್ಯಾಮೆರಾ ಬೇಡಿ ತಂದೆ. ಸೈಟಿಗೆ ಹೋದವರು ಅದರಲ್ಲಿ ಪೈಪುಗಳ ಸೋರುವ ಜೋಡಣೆಗಳನ್ನು ಹತ್ತಿರದಿಂದ ತೆಗೆದು ತರುವುದನ್ನು ನೋಡಿದ್ದೆ. ಅದೇ ಕ್ರಮದಲ್ಲಿ ಎಡಗಿವಿ ಒಂದು, ಬಲಗಿವಿ ಒಂದು ತೆಗೆದು ಕಳಿಸಿದೆ. ಭಾವನ ಉತ್ತರ ಬಂತು: "ಎರಡೂ ಕಿವಿ ಸಿಕ್ಕಿತು. ಎರಡೂ ಒಂದೇ ಮಗುವಿನದ್ದಾ?" ನನಗೆ ಮೈಯೆಲ್ಲ ಉರಿಯಿತು. ಊರಿನ ಮಕ್ಕಳ ಕಿವಿಗಳನ್ನೆಲ್ಲ ಸಂಗ್ರಹಿಸಿ ಕಳಿಸಲು ನನಗೇನು ಬೇರೆ ಕೆಲಸವಿಲ್ಲವೇ? ಅಜ್ಜಿಗೆ ಮಾತ್ರ ಅದು ನ್ಯಾಯವಾದ ಪ್ರಶ್ನೆ ಎನಿಸಿತು. ತಾವೇ ಮಗುವನ್ನು ಭುಜದ ಮೇಲೆ ಹಾಕಿಕೊಂಡು, ಕ್ಯಾಮೆರಾಕ್ಕೆ ಅದರ ಹಿಂದಲೆ ಮಾಡಿ ನಿಂತರು. "ತೆಗಿ. ಎರಡೂ ಒಟ್ಟಿಗೆ ಬರ್ಲಿ." ಬೋಳು ಹಿಂದಲೆ, ಆಚೆ ಈಚೆ ಹಿಡಿಕೆಯಂತೆ ಎದ್ದು ನಿಂತ ಎರಡು ಕಿವಿಗಳು. ಆ ಫೋಟೋ ಸಿಕ್ಕಿದ ದಿನ ಭಾವ ಫೋನು ಮಾಡಿದರು. ಈ ಬಾರಿ ಅಕ್ಕನನ್ನೇ ಕರೆಯಲು ಹೇಳಿದರು. ಬಹಳ ಹೊತ್ತು ಸ್ಪೀಕರಿನಲ್ಲಿ ಮೂಗು ಎಳೆಯುವ ಶಬ್ದ ಮಾತ್ರ ಬರುತ್ತಿತ್ತು. ಹಾಗೆ, ಎದುರಿನಿಂದ ಒಂದು ಕಿವಿಯ ಚಿತ್ರ, ಹಿಂದಿನಿಂದ ಎರಡು ಕಿವಿಯ ಫೋಟೋ, ಇಷ್ಟನ್ನು ಕ್ಯಾಬಿನ್ನಿನ ಗೋಡೆಗೆ ಅಂಟಿಸಿಕೊಂಡು ಅವರು ಉಳಿದ ತಿಂಗಳುಗಳನ್ನು ಕಳೆದರು.

ಭಾವ ಬಂದ ವಾರದಲ್ಲೇ ನಾಮಕರಣವಾಯಿತು. ಅಷ್ಟರಲ್ಲಿ ಮಗು ಎದ್ದು ಕೂರುವಂತಾಗಿ, ತೊಟ್ಟಿಲಲ್ಲಿ ಮಲಗಿಸಿದರೆ ಎದ್ದು ಭಟ್ಟರ ಶಾಲು ಹಿಡಿದೆಳೆಯುತ್ತಿತ್ತು. ಭಾವ ಬಗ್ಗಿ ಬಲಗಿವಿಯಲ್ಲಿ ಹೆಸರು ಹೇಳಿದರು. ಎಲ್ಲರೂ ಅಕ್ಷತೆ ಹಾಕಿದರು. ಆಮೇಲೆ ಭಾವ ಎದ್ದು ಹೋಗದೆ, ತೊಟ್ಟಿಲನ್ನು ಸುತ್ತಿ ಈಚೆ ಬಂದು, ಎಡಗಿವಿಯಲ್ಲೂ ಹೆಸರು ಹೇಳಿದರು. ಹಾಗೆ ಕ್ರಮ ಇಲ್ಲ ಎಂದು ಭಟ್ಟರು ಹೇಳಹೊರಟರು. ಕ್ರಮ ಎಂದರೆ ಪ್ರಾಣ ಬಿಡುವ ನಮ್ಮ ಅಜ್ಜಿ, "ಇರ್ಲಿ ಬಿಡಿ ಭಟ್ರೆ, ಅವನಿಗೆ ಅಭ್ಯಾಸ ಆಗಿದೆ" ಅಂದರು.

ಆವತ್ತೇ ಊಟ ಆದ ಮೇಲೆ ಅಜ್ಜಿ ನನ್ನ ಮುಂದೆ ಚಿತ್ರವನ್ನೂ ಒಂದು ತುಂಡು ಇದ್ದಿಲನ್ನೂ ತಂದಿಟ್ಟರು. ಇನ್ನು ಬರಿ ಎಂದರು. ನಾನು ಕಂಡದ್ದನ್ನೇ ಬರೆಯುವವನು. ಮಗುವನ್ನು ಎದುರು ಕೂರಿಸಿ, ಅದರ ಬಲಗಿವಿ ಆ ದಿನ ಹೇಗಿತ್ತೋ ಹಾಗೇ ಬರೆದೆ. ಮುಖ ಎರಡು ತಿಂಗಳಿನದು, ಕಿವಿ ಎಂಟು ತಿಂಗಳಿನದು. ಠಾಣೆಯ ಘೋಡಬಂದರ್ ರಸ್ತೆಯ ಅಕ್ಕನ ಫ್ಲ್ಯಾಟಿನಲ್ಲಿ ಅದು ಇವತ್ತಿಗೂ ಗೋಡೆಯ ಮೇಲಿದೆ. ಹೋದವರೆಲ್ಲ ಚಿತ್ರ ಚೆನ್ನಾಗಿದೆ ಎಂದು ಹೇಳಿ, ಆಮೇಲೆ ತಲೆಯನ್ನು ಸ್ವಲ್ಪ ಓರೆ ಮಾಡುತ್ತಾರೆ.

ಚಿತ್ರದ ಆ ಮಗು, ನನ್ನ ಸೋದರ ಸೊಸೆ, ಅವಳೂ ಓರೆ ಮಾಡುತ್ತಾಳೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಾಮಾ, ಏಕ್ ಕಾನ್ ಇತ್ನಾ ಬಡಾ ಕ್ಯೂಂ ಬನಾಯಾ?" ಒಂದು ಕಿವಿ ಯಾಕಿಷ್ಟು ದೊಡ್ಡದು ಎಂದು ಪ್ರತಿ ಸಲ ಕೇಳಿ ನನ್ನ ಹೊಟ್ಟೆ ಉರಿಸುತ್ತಾಳೆ. ಈಗ ಅವಳಿಗೆ ಹನ್ನೆರಡು ಕಳೆದಿದೆ. ಯಾವ ಹೊತ್ತಿಗೂ ಎರಡೂ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಸೋಫಾದಲ್ಲಿ ಬಿದ್ದಿರುತ್ತಾಳೆ. ಅಕ್ಕ ಅಡುಗೆಮನೆಯಿಂದ ಕೂಗಿದರೂ, ನಾನು ಎದುರು ನಿಂತು ಕೈ ಬೀಸಿದರೂ ಅವಳಿಗೆ ಗೊತ್ತಾಗುವುದಿಲ್ಲ. ಭಾವ ಹಡಗು ಬಿಟ್ಟು ಈಗ ಠಾಣೆಯಲ್ಲೇ ಕೆಲಸ ಹಿಡಿದಿದ್ದಾರೆ. ಸಂಜೆ ಬಂದವರು ಮಗಳ ಹತ್ತಿರ ಏನಾದರೂ ಹೇಳಬೇಕಾದರೆ, ಸೋಫಾದ ಆ ಬದಿಯಲ್ಲಿ ಬಟ್ಟೆಯ ರಾಶಿ ಇದ್ದರೂ ಅದನ್ನು ಸರಿಸಿ, ಅವಳ ಎಡಕ್ಕೇ ಹೋಗಿ ಕೂರುತ್ತಾರೆ. ಯಾಕೆಂದು ಅವಳು ಕೇಳಿದ್ದಿಲ್ಲ, ಅವರು ಹೇಳಿದ್ದಿಲ್ಲ. ಅಪ್ಪ ಬಂದು ಕೂತದ್ದು ಗೊತ್ತಾದ ಕೂಡಲೇ, ಮೊಬೈಲಿನಿಂದ ಕಣ್ಣು ಕೂಡ ಎತ್ತದೆ, ಅವಳು ಎಡಗಿವಿಯದನ್ನು ಮಾತ್ರ ತೆಗೆಯುತ್ತಾಳೆ.